ಚರಗ ಚೆಲ್ಲದ ಗದ್ದೆ

೧೯೫೮ರ ಡಿಸೆಂಬರು. ಪಂಚವಾರ್ಷಿಕ ಯೋಜನೆಗಾಗಿ ದೇಶವನ್ನೇ ದೊಡ್ಡ ದೊಡ್ಡ ವಲಯಗಳಾಗಿ ಹಂಚುತ್ತಿದ್ದ ಕಾಲ. ಶಿಕಾರಿಪುರ, ಸೊರಬಗಳ ನಡುವಿನ ಬಿದಿರುಕೊಪ್ಪ ಮಲೆನಾಡಿಗೋ ಮೈದಾನಕ್ಕೋ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮೈದಾನವೆಂದಾದರೆ ಊರಿಗೊಂದು ಸರ್ಕಾರಿ ಬಾವಿ. ಮಲೆನಾಡೆಂದಾದರೆ ನೀರು ಇದ್ದೇ ಇದೆ ಎಂದು ಲೆಕ್ಕ! ಬೆಳೆಯ ತೂಕ ನೋಡಿ ತೀರ್ಮಾನಿಸುವುದೆಂದಾಗಿ, ಕಚೇರಿಯಲ್ಲಿ ಚೀಟಿ ಎತ್ತಿದಾಗ ಆ ಊರಿನ ಹದಿನಾಲ್ಕನೇ ನಂಬರಿನ ಗದ್ದೆ ಬಂದಿತ್ತು. ಅದರ ಒಂದು ತುಂಡಿನ ಪೈರು ಕೊಯ್ದು ತೂಗಿ ತರುವ ಕೆಲಸ ಗುಮಾಸ್ತ ಪರಮಶಿವಪ್ಪನದು.

ಬಂದಳಿಕೆಯ ಪಾಳುಗುಡಿಗಳನ್ನು ದಾಟಿದ್ದೇ ಕಾಡು ದಟ್ಟವಾಯಿತು. ಬಿದಿರ ಮೆಳೆಗಳ ಕೆಳಗೆ ಹಾಡಹಗಲೇ ಮಬ್ಬು. ಒಂದು ಹಕ್ಕಿಯ ಸದ್ದೂ ಇಲ್ಲ. ಮುಂದೆ ಬಿದಿರುಕೊಪ್ಪದ ಸಣ್ಣಬೀರಪ್ಪ, ಹಿಂದೆ ತಕ್ಕಡಿ ಹೊತ್ತ ಜವಾನ ಉಚ್ಚಂಗಪ್ಪ.

ಸಣ್ಣಬೀರಪ್ಪ ತಗ್ಗಿನ ಗದ್ದೆಯೊಂದರ ಬಳಿ ನಿಂತ. ತೆನೆ ತೂಗಿ ಬಾಗಿತ್ತು.

ಪರಮಶಿವಪ್ಪ ಗಡಿಕಲ್ಲು ನೋಡಿದ. “ಇದು ಹನ್ನೊಂದು. ಹದಿನಾಲ್ಕು ಎಲ್ಲೈತಿ?”

“ಹಳ್ಳದ ಮ್ಯಾಲೆ ಐತ್ರಿ. ನಮ್ಮಣ್ಣ ಹುಚ್ಚರಾಯಪ್ಪಂದು. ಭೂಮಿಹುಣ್ಣಿಮೆಗೆ ವಾರ ಇದ್ದಂಗೆ ನೀರಿಗೆ ಹೋದೋನ್ನ ಹುಲಿ ಎಳಕೊಂಡು ಹೋತು. ಭೂಮ್ತಾಯಿಗೆ ಚರಗ ಚೆಲ್ಲಿಲ್ಲ. ಉಣಿಸದ ಗದ್ದೆಗೆ ಕುಡುಗೋಲು ಇಡಂಗಿಲ್ಲ ಸಾಹೇಬ್ರೆ. ಇದನ್ನೇ ಬರಕೊಳ್ಳಿ.”

“ಈ ಬೆಳೆ ತೋರಿಸಿದ್ರೆ ನಿಮ್ಮೂರಿಗೆ ನೀರಿಗೇನು ಬರ ಅಂತಾರಪ್ಪ! ಬಾವಿ ಹೋತು. ನಾಳೆನೂ ಅದೇ ಹಳ್ಳಕ್ಕೆ ಹೋಗಬೇಕು ನೀವು.”

ಸಣ್ಣಬೀರಪ್ಪ ಹಳ್ಳದ ಕಡೆ ನೋಡಿದ. ಪರಮಶಿವಪ್ಪ ತನ್ನ ಬುತ್ತಿ ಬಿಚ್ಚಿ ರೊಟ್ಟಿ, ಪಲ್ಯ ಅವನ ಕೈಗಿಟ್ಟ. “ಈಗ ಉಣಿಸು, ನಡಿ.”

ಹದಿನಾಲ್ಕರಲ್ಲಿ ಪೈರು ಒಣಗಿ ಜೊಳ್ಳಾಗಿ ನಿಂತಿತ್ತು. ಸಣ್ಣಬೀರಪ್ಪ ನಾಲ್ಕು ಮೂಲೆಗೂ ರೊಟ್ಟಿಚೂರು ಚೆಲ್ಲಿದ. “ತಾಯೀ, ತಡ ಆತು. ಉಣ್ಣವ್ವ.”

ಹಗ್ಗ ಎಳೆದು ನಾಲ್ಕು ಗೂಟ ಹೊಡೆದರು. ಕುಡುಗೋಲುಗಳು ಸರಸರ ಆಡಿದವು.

ಹಳ್ಳದಾಚೆ ಮರದ ಮೇಲೆ ಮುಸಿಯ ಕೋತಿಗಳು ಕಿರುಚಿದವು.

ಯಾರೂ ತಲೆ ಎತ್ತಲಿಲ್ಲ. ಇನ್ನು ಎರಡೇ ಹಿಡಿ. ಒಂದು.

ಲಕ್ಕಿಗಿಡ ಅಲುಗಿತು. ಗುರ್ ಎಂಬ ಸದ್ದು ನೆಲದಿಂದಲೇ ಬಂದಂತಾಯಿತು.

“ತಟ್ಟೆ ಬಡಿಯೋ!” ಪರಮಶಿವಪ್ಪ ಕೂಗಿದ. ಉಚ್ಚಂಗಪ್ಪ ತಕ್ಕಡಿಯ ತಟ್ಟೆಗೆ ಕುಡುಗೋಲಿನಿಂದ ಬಾರಿಸತೊಡಗಿದ. ಸಣ್ಣಬೀರಪ್ಪ ಹೊರೆ ಹೊತ್ತ. ಮೂವರೂ ಬೆನ್ನು ತಿರುಗಿಸದೆ ಹಿಂದಹಿಂದಕ್ಕೆ ನಡೆದರು. ಬಂದಳಿಕೆಯ ಕಲ್ಲುಕಂಬಗಳು ಕಾಣುವವರೆಗೂ ತಟ್ಟೆಯ ಸದ್ದು ನಿಲ್ಲಲಿಲ್ಲ.

ಗುಡಿಯ ಅಂಗಳದಲ್ಲಿ ಬಡಿದು, ತೂರಿ, ತೂಗಿದರು. ಎಂಟೇ ಪೌಂಡು. ಅಷ್ಟು ಕಡಿಮೆ ಬೆಳೆ ಕಂಡು ಪರಮಶಿವಪ್ಪ ಹಿಗ್ಗಿದ್ದು ಅದೇ ಮೊದಲು. ‘ಮೈದಾನಕ್ಕೆ ಸೇರಿಸತಕ್ಕದ್ದು’ ಎಂದು ಷರಾ ಬರೆದ.

“ರೈತನ ಹೆಸರು? ನಿಂದೇ ಬರೀಲಾ?”

“ಬ್ಯಾಡ್ರಿ. ಬಿತ್ತಿದೋನು ನಮ್ಮಣ್ಣ.”

ಸತ್ತವರ ಹೆಸರು ಬರೆಯಕೂಡದೆಂದು ನಿಯಮವಿತ್ತು. ಪರಮಶಿವಪ್ಪ ಹುಚ್ಚರಾಯಪ್ಪ ಎಂದೇ ಬರೆದು ರುಜು ಹಾಕಿದ.