ಉಜ್ಜಿ ಹಾಕಿದ ಹೆಸರು

ಕಲ್ಲುಕುಟಿಗ ದುವಾ ತನ್ನ ಚಪ್ಪರದಡಿ ಸತ್ತು ಬಿದ್ದಿದ್ದ. ಹಿಂದಲೆ ಒಡೆದಿತ್ತು. ಪಕ್ಕದ ಬಂಡೆಯ ಅಂಚಿಗೆ ರಕ್ತ ಮೆತ್ತಿತ್ತು.

ಜೆರ್ ದೊರೆ ತೀರಿಕೊಂಡು ಎರಡು ತಿಂಗಳಾಗಿತ್ತು. ನಾಳಿದ್ದು ಸಮಾಧಿ. ದೊರೆಯ ಜೊತೆಗೆ ಹೋಗಬೇಕಾದವರ ಹೆಸರನ್ನು ದುವಾ ಒಂದೊಂದು ಕಲ್ಲಿನಲ್ಲಿ ಕೆತ್ತುತ್ತಿದ್ದ. ಕಲ್ಲಿಗೆ ಹೆಸರು ಹತ್ತಿದರೆ ಮುಗಿಯಿತು, ಅವರೂ ಸಮಾಧಿಗೆ.

ವಿಚಾರಣೆ ಅಧಿಕಾರಿ ಹೆಪ್ಕಾ ಬರುವಷ್ಟರಲ್ಲಿ ಹೆಂಡ ಕಾಯಿಸುವ ಬೆಕ್‌ನನ್ನು ಕಂಬಕ್ಕೆ ಕಟ್ಟಿದ್ದರು.

"ಆ ಕಲ್ಲಲ್ಲಿ ಇವನ ಹೆಂಡ್ತಿ ವೆರೆತ್ ಹೆಸರಿದೆ. ಸಿಟ್ಟಿಗೆ ಕೊಂದಿದಾನೆ," ಅಂದ ಅರಮನೆ ಮೇಲ್ವಿಚಾರಕ.

"ನಂಗೆ ಓದಕ್ಕೇ ಬರಲ್ಲ ಸ್ವಾಮಿ!" ಬೆಕ್ ಗೋಳಾಡಿದ. "ನೀವು ಹೇಳಿದ್ಮೇಲೇ ಗೊತ್ತಾಗಿದ್ದು!"

* * *

ಹೆಪ್ಕಾ ಸಾಲುಸಾಲಾಗಿ ಕಲ್ಲುಗಳನ್ನು ನೋಡಿದ. ಚಿತ್ರಲಿಪಿಯ ಹೆಸರುಗಳಲ್ಲಿದ್ದ ಹಕ್ಕಿಗಳೆಲ್ಲ ಬಲಕ್ಕೆ ಮುಖ ಮಾಡಿದ್ದವು. ವೆರೆತ್ ಹೆಸರಿನ ಹಕ್ಕಿ ಮಾತ್ರ ಎಡಕ್ಕೆ. ಅಲ್ಲಿ ಕಲ್ಲೂ ಉಜ್ಜಿ ತಗ್ಗಾಗಿತ್ತು. ಸಿಕ್ಕಿತು! ಹಿಗ್ಗಿನಿಂದ ಎಲ್ಲರನ್ನೂ ಕೂಗಿ ಕರೆದ.

"ಬೆಕ್ ಕೊಂದಿದ್ರೆ ಹೆಂಡ್ತಿ ಹೆಸರಿನ ಕಲ್ಲನ್ನ ಇಲ್ಲೇ ಬಿಟ್ಟುಹೋಗ್ತಿದ್ನಾ? ಇನ್ನೊಂದು ನೋಡಿ. ಹಳೇ ಹೆಸರು ಉಜ್ಜಿ ಇದನ್ನ ಕೆತ್ತಿದಾರೆ. ತಮ್ಮವರನ್ನ ಉಳಿಸ್ಕೊಳ್ಳೋಕೆ. ಹಕ್ಕಿ ತಿರುಗುಮುರುಗಾಗಿದೆ. ಹಾಗೆ ಕೆತ್ತೋದು ಮುದ್ರೆ ಕೊರೆಯೋರು. ಜೇಡಿಮಣ್ಣಿಗೆ ಒತ್ತಿದಾಗ ನೆಟ್ಟಗೆ ಬರಲಿ ಅಂತ..."

ಊರಲ್ಲಿ ಮುದ್ರೆ ಕೊರೆಯುವವನು ಒಬ್ಬನೇ. ಸೆಖೆನ್. ಹೆಪ್ಕಾನ ಬಾಲ್ಯದ ಗೆಳೆಯ.

ಗುಂಪಿನಿಂದ ಸೆಖೆನ್ ತಾನಾಗಿಯೇ ಮುಂದೆ ಬಂದ.

"ಅವಸರದಲ್ಲಿ ಕೈ ಹಳೇ ಚಾಳಿ ಬಿಡ್ಲಿಲ್ಲ ಕಣೋ. ಮಗಳ ಹೆಸರು ಅಳಿಸಿ ಇದನ್ನ ಕೆತ್ತಿ ಮುಗಿಸಿದ್ದೆ. ದುವಾ ಬಂದು ಕೈ ಹಿಡಿದ. ತಳ್ಳಿದೆ. ಕೊಲ್ಲಬೇಕು ಅಂತ ಅಲ್ಲ."

"ಬೆಕ್ ಹೆಂಡ್ತಿ ನಿಂಗೇನ್ ಮಾಡಿದ್ಲೋ?"

"ಅವಳು ನೆನಪಿಗೇ ಬರ್ಲಿಲ್ಲ. ನಮ್ಮವ್ವನ ಹೆಸರೂ ವೆರೆತ್ ಅಲ್ವೇನೋ. ಸತ್ತೋಳು ಇನ್ನೊಂದ್ಸಲ ಸಾಯಲ್ಲ ಅಂತ ಅವಳ ಹೆಸರು ಹಾಕ್ದೆ."

* * *

ಬೆಕ್‌ನ ಕಟ್ಟು ಬಿಚ್ಚಿದರು. ಅವನು ಹೆಪ್ಕಾನ ಕಾಲು ಹಿಡಿದು ಅತ್ತ. ಹೆಪ್ಕಾನಿಗೆ ಅದು ಕೇಳಿಸಲೇ ಇಲ್ಲ. ಇವನನ್ನು ಬಿಡಿಸಲು ಮೊದಲ ಮಾತೊಂದೇ ಸಾಕಿತ್ತು. ಉಳಿದದ್ದನ್ನು ಯಾಕೆ ಆಡಿದೆ? ಜಾಣ ಅನ್ನಿಸಿಕೊಳ್ಳಲು.

ಮೇಲ್ವಿಚಾರಕ ಕಲ್ಲನ್ನು ಹೆಪ್ಕಾನ ಮುಂದಿಟ್ಟ.

"ಹಳೇ ಹೆಸರು ಗೊತ್ತಾಯ್ತಲ್ಲ. ಕೆತ್ತೋರು ಯಾರೂ ಉಳಿದಿಲ್ಲ. ಮಸಿಯಲ್ಲಿ ನೀವೇ ಬರೀರಿ."

ಸೆಖೆನ್‌ನ ಮಗಳು ನುಬಿತ್ ಅರಮನೆಯ ಮಗ್ಗದಿಂದ ಹಾಗೇ ಎದ್ದು ಓಡಿ ಬಂದಿದ್ದಳು. ಕೈಬೆರಳಿಗೆ ನಾರಿನ ಎಳೆ ಅಂಟಿತ್ತು.

"ಚಿಕ್ಕಪ್ಪಾ, ಅಪ್ಪನ್ನ ಏನ್ಮಾಡ್ತಾರೆ?"

ತನ್ನ ಪಾಡೇನು ಅಂತ ಅವಳು ಕೇಳಲಿಲ್ಲ.

ಹೆಪ್ಕಾ ಕುಂಚ ಅದ್ದಿದ. ಅವಳ ಹೆಸರು ಬರೆದ. ಗೆರೆಗಳು ನಡುಗಿದವು.

ಮೇಲ್ವಿಚಾರಕ ಬಗ್ಗಿ ನೋಡಿದ. "ಪರವಾಗಿಲ್ಲ, ಓದಬಹುದು," ಅಂದ.