ಚೆನ್ನಾಜಿಯ ಹೆಗಲೇರಿದ ಅಳುಕು

ಬಹಳ ಹಿಂದೆ, ಮಾತಾಡುವ ಪ್ರಾಣಿಗಳಿಗೂ ಮಾತು ಕೇಳುವ ಮನುಷ್ಯರಿಗೂ ಬರವಿಲ್ಲದ ಕಾಲದಲ್ಲಿ, ಹೊಂಗನೂರೆಂಬ ರಾಜ್ಯವಿತ್ತು. ಕರಾಳಕೇತು ಎಂಬ ಮಾಂತ್ರಿಕ ಒಂದು ದಿನ ಆ ರಾಜ್ಯದ ಬೆಂಕಿಯನ್ನೆಲ್ಲ ಒಂದು ಗಡಿಗೆಗೆ ತುಂಬಿಕೊಂಡು ಬೆಟ್ಟದ ಗುಹೆ ಸೇರಿದ. ಅಂದಿನಿಂದ ಒಲೆ ಹೊತ್ತಲಿಲ್ಲ, ದೀಪ ಉರಿಯಲಿಲ್ಲ. ಅರಸನಿಗೂ ನೆನೆಸಿದ ಅವಲಕ್ಕಿ, ಆಳಿಗೂ ನೆನೆಸಿದ ಅವಲಕ್ಕಿ. ಮಾಗಿಯ ಚಳಿಗೆ ತೊಟ್ಟಿಲ ಕೂಸುಗಳು ನಡುಗಿದವು.

ಅರಸ ಸಭೆಯಲ್ಲಿ ಹರಿವಾಣದ ಮೇಲೆ ವೀಳ್ಯವಿಟ್ಟ. ಎತ್ತಿದವರು ಬೆಂಕಿ ತರಬೇಕು. ಬರಿಗೈಲಿ ಬಂದರೆ ಕೋಟೆಯ ಬಾಗಿಲು ಅವರಿಗೆ ಮತ್ತೆಂದೂ ತೆರೆಯದು. ಮೇಲಾಗಿ, ಆ ಗುಹೆಯಲ್ಲಿ ಸುಳ್ಳಾಡಿದವರು ಕಲ್ಲಾಗುವರೆಂಬುದು ಊರಿಗೆಲ್ಲ ಗೊತ್ತಿತ್ತು. ಮೂವರು ವೀರರು ಹೋದರು, ಮರಳಲಿಲ್ಲ. ಮೀಸೆ ಹೊತ್ತ ಉಳಿದವರೆಲ್ಲ ನೆಲ ನೋಡುತ್ತಿದ್ದಾಗ, ಮಾವುತನ ಮಗಳು ಚೆನ್ನಾಜಿ ಮುಂದೆ ಬಂದು ವೀಳ್ಯ ಎತ್ತಿಕೊಂಡಳು.

ಎತ್ತುವಾಗ ಅವಳು ಅಳುಕಲಿಲ್ಲ. ಅಳುಕು ಬಂದದ್ದು ಆಮೇಲೆ.

ಆನೆ ಬೋರಮ್ಮನ ಮೇಲೆ ಕೂತು ಕೋಟೆಬಾಗಿಲಿಗೆ ಬಂದಾಗ, ಅಳುಕು ಎಂಬ ಪ್ರಾಣಿ ಅವಳ ಹೆಗಲೇರಿತು. ಸಾಹಸಕ್ಕೆ ಹೊರಟವರನ್ನೆಲ್ಲ ಅದು ಹೀಗೆ ಏರುತ್ತಿತ್ತು. ಅಳಿಲಿನಷ್ಟು ಮೈ, ಊರಗಲ ಬಾಯಿ. ಅದನ್ನು ಪೊರಕೆಯಿಂದ ಬಡಿದೋಡಿಸಿ ಮುಂದೆ ಹೋಗುವುದು ವೀರರ ಪದ್ಧತಿ. ಕಾವಲುಗಾರ ಪೊರಕೆ ಚಾಚಿದ.

“ಬೇಡಣ್ಣ,” ಎಂದಳು ಚೆನ್ನಾಜಿ. “ನಮ್ಮ ಬೋರಮ್ಮ ಹೊಸ ನೆಲ ಕಂಡ್ರೆ ಸೊಂಡಿಲಲ್ಲಿ ತಟ್ಟಿ ನೋಡಿಯೇ ಕಾಲಿಡೋದು. ಅಳುಕದ ಆನೆ ಕೆಸರಲ್ಲಿ ಹೂತುಹೋಗುತ್ತೆ ಅಂತಾನೆ ನಮ್ಮಪ್ಪ. ಇದೂ ಬರಲಿ.”

ಹಾಗೆಂದಳೇನೋ ಸರಿ, ದಾರಿಯುದ್ದಕ್ಕೂ ಅಳುಕು ಅವಳ ಕಿವಿ ತಿಂದಿತು. “ವೀಳ್ಯ ಯಾಕೆ ಎತ್ತಿದೆ? ಯಾರು ಹೇಳಿದ್ರು ನಿಂಗೆ?” ಚೆನ್ನಾಜಿ ಬೋರಮ್ಮನನ್ನು ಮುಂದಕ್ಕೆ ನಡೆಸಿದಳು.

ಮೊದಲು ಹೊಳೆ ಅಡ್ಡ ಬಂತು. ಅದರ ಮೇಲೊಂದು ಚಿನ್ನದ ಸೇತುವೆ. “ಇದು ಸೇತುವೆಯೇ ಅಂತ ಗ್ಯಾರಂಟಿ ಏನು?” ಎಂದಿತು ಅಳುಕು. ಚೆನ್ನಾಜಿ ಬೋರಮ್ಮನಿಂದ ತಟ್ಟಿಸಿದಳು. ಸೇತುವೆ ಬಾಯಿ ತೆರೆಯಿತು, ಅದೊಂದು ಮೊಸಳೆ. ಅವಳು ದಡದಗುಂಟ ಮೇಲಕ್ಕೆ ಹೋಗಿ ಆಳವಿಲ್ಲದ ಕಡೆ ಹೊಳೆ ದಾಟಿದಳು.

ಮುಂದೆ ಕಣಿವೆಯಲ್ಲಿ ಬೆಟ್ಟದಂಥ ಹುಲಿ. ಬೋರಮ್ಮ ಹಿಂದೆ ಸರಿದಷ್ಟೂ ಅದು ಬೆಳೆಯಿತು. “ನೀನೊಬ್ಬ ಮಾವುತನ ಮಗಳು. ಮನೆಗೆ ಹೋಗು,” ಎಂದಿತು ಅಳುಕು.

ಚೆನ್ನಾಜಿ ಯೋಚಿಸಿದಳು. “ನೋಡು, ದಾರಿ ವಿಷಯ ಕೇಳಿದ್ರೆ ನಿಂತು ಕೇಳ್ತೀನಿ. ನನ್ನ ವಿಷಯ ಕೇಳಿದ್ರೆ ನಡೀತಾ ನಡೀತಾ ಕೇಳ್ತೀನಿ.” ಆನೆಯ ಕಿವಿಯ ಹಿಂದೆ ಕಾಲೊತ್ತಿದಳು. ಆನೆ ಮುಂದಾದಷ್ಟೂ ಹುಲಿ ಕುಗ್ಗಿತು. ಕೊನೆಗೆ ಬೆಕ್ಕಿನ ಮರಿಯಾಗಿ ಪೊದೆಗೆ ನುಗ್ಗಿತು.

ಗುಹೆಯಲ್ಲಿ ಕರಾಳಕೇತು ಬೆಂಕಿಯ ಗಡಿಗೆಯ ಪಕ್ಕ ಕೂತಿದ್ದ. ಸುತ್ತ ಮೂವರು ವೀರರು, ಎದೆ ಸೆಟೆಸಿಕೊಂಡ ಕಲ್ಲುಗಳು.

“ಇವರನ್ನೆಲ್ಲ ಒಂದೇ ಮಾತು ಕೇಳಿದೆ,” ಎಂದು ನಕ್ಕ ಮಾಂತ್ರಿಕ. “ಏನೇ ಹುಡುಗಿ, ನಿನಗೆ ಭಯ ಇದೆಯೋ?”

ಪಾಪ, ಆ ವೀರರು ಬೇಕೆಂದು ಸುಳ್ಳಾಡಿರಲಿಲ್ಲ. ಅಳುಕನ್ನು ಓಡಿಸಿದ ಮೇಲೆ ಭಯವೂ ಹೋಯಿತೆಂದು ನಂಬಿ, ಇಲ್ಲ ಎಂದಿದ್ದರು.

“ಇದೆ,” ಎಂದಳು ಚೆನ್ನಾಜಿ. “ಬೇಕಾದಷ್ಟಿದೆ. ಗೆಲ್ತೀನೋ ಇಲ್ವೋ ಅದೂ ಗೊತ್ತಿಲ್ಲ. ಆದ್ರೂ ಬಂದಿದ್ದೀನಿ.”

ಅವಳು ಕಲ್ಲಾಗಲಿಲ್ಲ. ಒಂದೊಂದೇ ಹೆಜ್ಜೆಯಿಡುತ್ತ ಗಡಿಗೆಯ ಹತ್ತಿರ ಬಂದಳು. ಕರಾಳಕೇತುವಿನ ಹಣೆ ಬೆವರಿತು.

“ನಿನಗೆ?” ಎಂದು ಕೇಳಿದಳು ಚೆನ್ನಾಜಿ.

ಮಾಂತ್ರಿಕನಿಗೆ ಕೇಳಿ ಅಭ್ಯಾಸವೇ ಹೊರತು ಉತ್ತರಿಸಿ ಗೊತ್ತಿರಲಿಲ್ಲ. “ನನಗ್ಯಾರ ಭಯ?” ಎಂದು ಗುಡುಗಿದ. ಆ ಮಾತು ಮುಗಿಯುವಷ್ಟರಲ್ಲಿ ಅವನ ಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು, ತೆರೆದ ಬಾಯಿ ತೆರೆದಂತೆಯೇ ಕಲ್ಲಾಯಿತು.

ಚೆನ್ನಾಜಿ ಗಡಿಗೆಯನ್ನು ವೀರರ ಬಳಿಗೊಯ್ದು ಮುಚ್ಚಳ ತೆಗೆದಾಗ ಆ ಕಾವಿಗೆ ಮೂವರೂ ಮೈ ಮುರಿದು ಎದ್ದರು. ಕರಾಳಕೇತುವನ್ನು ಕಾಯಿಸುವ ಮನಸ್ಸು ಮಾತ್ರ ಯಾರಿಗೂ ಬರಲಿಲ್ಲ.

ಹೊಂಗನೂರಿನಲ್ಲಿ ಅಂದು ಮನೆಮನೆಯಲ್ಲೂ ಒಲೆ ಹೊತ್ತಿತು. ಬಿಸಿ ಮುದ್ದೆಗೆ ಅವಸರಪಟ್ಟು ಅರಸ ನಾಲಿಗೆ ಸುಟ್ಟುಕೊಂಡ. ಕೂಸುಗಳು ಬೆಚ್ಚಗೆ ಮಲಗಿದವು. ಮಾವುತ ಮಗಳ ತಟ್ಟೆಗೆ ಸಾರು ಬಡಿಸುತ್ತ ಕೇಳಿದ, “ವೀಳ್ಯ ಎತ್ತಿದ್ದು ತಪ್ಪಾಯ್ತೇನೋ ಅಂತ ಅನ್ನಿಸ್ಲಿಲ್ವಾ ಮಗಳೇ?”

“ದಾರಿಯುದ್ದಕ್ಕೂ ಅನ್ನಿಸ್ತಪ್ಪ,” ಎಂದಳು ಚೆನ್ನಾಜಿ. “ಹಾಗೆ ಅನ್ನಿಸ್ತಾ ಅನ್ನಿಸ್ತಾನೇ ಗುಹೆ ಬಂದ್ಬಿಡ್ತು.”

ಅವರೆಲ್ಲ ಬಿಸಿಬಿಸಿ ಉಂಡು ಬಹುಕಾಲ ಸುಖವಾಗಿದ್ದರು.