ಆರನೇ ಚಾನೆಲ್‌ನಲ್ಲಿ ನಿಮ್ಮ ಸರದಿ

ಪಕ್ಕದ ಮನೆಯಲ್ಲಿ ಯಾರ್ಯಾರು ಇದ್ದಾರೆ ಎನ್ನುವುದು ದೊಡ್ಡಮ್ಮನಿಗೆ ಬಾಯಿಪಾಠ. ಒಬ್ಬರನ್ನೂ ಕಣ್ಣಿಂದ ಕಂಡವಳಲ್ಲ, ಅದು ಬೇರೆ ಮಾತು. ಕೆಮ್ಮುವ ಮುದುಕ, ಗದರುವ ಯಜಮಾನ, ಮೂಗಿನಲ್ಲೇ ಮಾತಾಡುವ ತುಂಟ ಮೊಮ್ಮಗ, ಮಧ್ಯಾಹ್ನವಾದರೆ ಬಿಕ್ಕಿ ಬಿಕ್ಕಿ ಅಳುವ ಸೊಸೆ.

"ಗೋಡೆಗೆ ಕಿವಿ ಇದೆ ಅಂತಾರೆ. ನಮ್ಮ ಗೋಡೆಗೆ ಬಾಯೂ ಇದೆ ಕಣೇ," ಎಂದಳು ದೊಡ್ಡಮ್ಮ. "ಪಾಪ, ಆ ಸೊಸೇನ ದಿನಾ ಅಳಿಸ್ತಾರಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ? ಹೋಗಿ ಒಂದು ಮಾತು ಕೇಳ್ಕೊಂಡು ಬಾ."

ಜೊತೆಗಿದ್ದ ತಂಗಿಯ ಮಗಳಿಗೂ ಆ ಮನೆಯ ಮೇಲೆ ಸಿಟ್ಟಿತ್ತು. ಕಾರಣ ಮಾತ್ರ ಬೇರೆ.

ಮಾತು ತೊದಲುವವರಿಗೆ, ಪಾರ್ಶ್ವವಾಯು ಹೊಡೆದು ಮಾತು ಬಿದ್ದುಹೋದವರಿಗೆ ಲ್ಯಾಪ್‌ಟಾಪ್ ಮುಂದೆ ಕೂತು ವಿಡಿಯೋ ಕರೆಯಲ್ಲಿ ಮಾತು ಕಲಿಸುವುದು ಅವಳ ಕೆಲಸ. ಅಪಾರ್ಟ್‌ಮೆಂಟಿನವರ ಬಾಯಲ್ಲಿ ಅವಳು ಡಾಕ್ಟ್ರಮ್ಮ. ಈಚೆಗೆ ಡಾಕ್ಟ್ರಮ್ಮನ ಲ್ಯಾಪ್‌ಟಾಪಿಗೇ ತೊದಲು ಹಿಡಿದಿತ್ತು. ಅಂದು ಬೆಳಿಗ್ಗೆ, ತಿಂಗಳುಗಟ್ಟಲೆ ಮೌನವಾಗಿದ್ದ ಅವಳ ರೋಗಿ, ನಿವೃತ್ತ ಡ್ರಿಲ್ ಮೇಷ್ಟ್ರಜ್ಜ ಕೊನೆಗೂ ತುಟಿ ಅಲುಗಿಸಿದ್ದರು. ಪಕ್ಕದಲ್ಲಿ ಅಜ್ಜಿ ಉಸಿರು ಬಿಗಿಹಿಡಿದಿದ್ದರು. ಅಷ್ಟರಲ್ಲಿ ಚಿತ್ರ ಕಲ್ಲಾಯಿತು. "ಏನಂದ್ರಿ? ಏನು?" ಎಂದು ಅವಳು ಕೂಗಿದ್ದೇ ಬಂತು. ಚಿತ್ರ ಮರಳಿದಾಗ ಅಜ್ಜ ಮುಖ ತಿರುಗಿಸಿ ಕೂತಿದ್ದರು.

"ನೀವು ಏನು ಏನು ಅಂದಿದ್ದಕ್ಕೆ, ತಾವೇ ತಪ್ಪು ಹೇಳಿದೆ ಅಂದ್ಕೊಂಡ್ರು ಮೇಡಂ," ಎಂದರು ಅಜ್ಜಿ, ದನಿ ತಗ್ಗಿಸಿ. "ಇನ್ನೊಂದು ಸಲ ಹೀಗಾದ್ರೆ ಇವರು ಬಾಯೇ ಬಿಡಲ್ಲ."

ಹಾಗಾಗಿ ಅವಳು ಪಕ್ಕದ ಮನೆಯ ಬೆಲ್ ಒತ್ತಿದಳು. ಒತ್ತಿದ ಬೆರಳನ್ನು ತೆಗೆಯಲಿಲ್ಲ.

ಒಳಗೆ ಸೊಸೆಯ ಅಳು ಥಟ್ಟನೆ ನಿಂತಿತು. ಬಾಗಿಲು ತೆರೆದವನು ಒಬ್ಬ ತೆಳ್ಳನೆಯ ಯುವಕ. ಕತ್ತಿಗೆ ಹೆಡ್‌ಫೋನ್, ಉರಿಬಿಸಿಲಲ್ಲಿ ಮೈತುಂಬ ಕಂಬಳಿ, ಮೂಗಿನ ತುದಿಯಲ್ಲಿ ಬೆವರ ಹನಿ. ಹಿಂದೆ ಖಾಲಿ ಮನೆ.

"ಅಳ್ತಿದ್ದ ಹುಡುಗಿ ಎಲ್ಲಿ?"

ಅವನು ಕಣ್ಣು ಪಿಳಿಪಿಳಿಸಿದ. ಆಮೇಲೆ ತುಟಿ ನಡುಗಿಸಿ, ಅದೇ ಸೊಸೆಯ ದನಿಯಲ್ಲಿ, "ನಾನೇ ಮೇಡಂ... ಯಾರೂ ಇಷ್ಟು ಪ್ರೀತಿಯಿಂದ ವಿಚಾರಿಸಿರಲಿಲ್ಲ," ಎಂದ.

ಅವಳು ನಕ್ಕುಬಿಟ್ಟಳು. ನಕ್ಕ ಮೇಲೆ ಸಿಟ್ಟು ಹುಡುಕಿಕೊಳ್ಳಬೇಕಾಯಿತು. ಅವನು ಡಬ್ಬಿಂಗ್ ಕಲಾವಿದ. ಕಾರ್ಟೂನುಗಳಿಗೂ ಧಾರಾವಾಹಿಗಳಿಗೂ ಮನೆಯಲ್ಲೇ ದನಿ ಕೊಡುತ್ತಿದ್ದ. ಕಂಬಳಿ, ಹೊರಗಿನ ಸದ್ದು ಮೈಕಿಗೆ ಬೀಳದಿರಲಿ ಎಂದು. ಇಡೀ ಕೂಡುಕುಟುಂಬ ಒಂದೇ ಗಂಟಲಲ್ಲಿ ಸಂಸಾರ ಹೂಡಿತ್ತು.

"ನಗಿಸಿದ್ರೆ ಬಿಟ್ಬಿಡ್ತೀನಿ ಅಂದ್ಕೋಬೇಡಿ. ನಿಮ್ಮ ವೈಫೈ ನನ್ನ ವೈಫೈನ ತಿಂದುಹಾಕ್ತಿದೆ," ಎಂದು ಅವಳು ಅಜ್ಜನ ಕಥೆಯನ್ನೆಲ್ಲ ಹೇಳಿದಳು. ಅವನ ಮುಖದ ನಗು ಇಳಿಯಿತು. ಕಂಬಳಿ ಬಿಸಾಡಿ, ಚಪ್ಪಲಿ ಮರೆತು ಅವಳ ಹಿಂದೆಯೇ ಬಂದ.

ಅವಳ ರೌಟರ್ ಕಬ್ಬಿಣದ ಬೀರುವಿನ ಹಿಂದೆ ಅಡಗಿ ಕೂತಿತ್ತು. ಅವನು ಅದನ್ನೆತ್ತಿ ಪುಸ್ತಕದ ಶೆಲ್ಫ್ ಮೇಲಿಟ್ಟ. ಬೆನ್ನಿಗೆ ಅಂಟಿಸಿದ ಚೀಟಿಯ ವಿಳಾಸವನ್ನು ಬ್ರೌಸರಿನಲ್ಲಿ ಟೈಪ್ ಮಾಡಿ ಸೆಟ್ಟಿಂಗ್ಸ್ ತೆರೆದ.

"ಚಾನೆಲ್ ನಾಲ್ಕು ಯಾರು ಮಾಡಿದ್ದು?" ಈ ಸಲ ಗಂಟಲಲ್ಲಿ ಗದರುವ ಯಜಮಾನ.

"ನಾನೇ. ಆರರಲ್ಲಿ ನೀವಿದ್ದೀರಿ ಅಂತ ಇಂಟರ್ನೆಟ್ ಹಾಕೋನು ಹೇಳಿದ್ದ. ಸ್ವಲ್ಪ ದೂರ ಇರೋಣ ಅಂತ."

"ಅದೇ ಎಡವಟ್ಟಾಗಿದ್ದು." ಅವನು ಫೋನಿನಲ್ಲಿ ಒಂದು ಆ್ಯಪ್ ತೋರಿಸಿದ. ಸುತ್ತಲಿನ ಮನೆಗಳ ವೈಫೈಗಳೆಲ್ಲ ಬಣ್ಣಬಣ್ಣದ ಗುಡ್ಡಗಳಾಗಿ ನಿಂತಿದ್ದವು. ಅವಳ ಗುಡ್ಡ ಅವನ ಗುಡ್ಡದ ಹೆಗಲೇರಿತ್ತು. "ಒಂದೇ ಚಾನೆಲ್‌ನಲ್ಲಿದ್ರೆ ಒಂದರ ಮಾತು ಇನ್ನೊಂದಕ್ಕೆ ಅರ್ಥ ಆಗುತ್ತೆ. ಅದು ಮಾತಾಡೋವಾಗ ಇದು ಕಾಯುತ್ತೆ, ಇದರ ಸರದಿ ಬಂದಾಗ ಅದು ಕಾಯುತ್ತೆ. ನೀವು ಹೋಗಿದ್ದು ಅರೆಬರೆ ದೂರ. ಅಲ್ಲಿಗೆ ಮಾತು ಕೇಳ್ಸಲ್ಲ, ಗದ್ದಲ ಮಾತ್ರ ಕೇಳ್ಸುತ್ತೆ. ಇಬ್ರೂ ಒಟ್ಟೊಟ್ಟಿಗೆ ಅರಚ್ತಾರೆ."

"ಪೂರ್ತಿ ದೂರ ಹೋದ್ರೆ?"

"ಒಂದು, ಆರು, ಹನ್ನೊಂದು, ಇವು ಮೂರು ಒಂದಕ್ಕೊಂದು ತಾಗಲ್ಲ. ಆದ್ರೆ ಒಂದರಲ್ಲೂ ಹನ್ನೊಂದರಲ್ಲೂ ಮೇಲಿನೋರು ಕೆಳಗಿನೋರೆಲ್ಲ ಚಾಪೆ ಹಾಸ್ಕೊಂಡು ಮಲಗಿದ್ದಾರೆ, ನೋಡಿ."

"ಅಂದ್ರೆ ನಿಮ್ಮ ಆರಕ್ಕೇ ಬರ್ಬೇಕು."

"ನಿಮಗೆ ಬೇಜಾರಿಲ್ಲ ಅಂದ್ರೆ," ಎಂದಿತು ಮೂಗಿನ ಮೊಮ್ಮಗನ ದನಿ. ಕಿವಿ ಕೆಂಪಾದದ್ದು ಮಾತ್ರ ಅವನದೇ.

ಅವಳು ಆರು ಆರಿಸಿ, ಸೇವ್ ಒತ್ತಿದಳು. ರೌಟರಿನ ದೀಪ ಆರಿ, ಮತ್ತೆ ಹೊತ್ತಿತು. ಒಪ್ಪಂದವೂ ಆಯಿತು: ಪಾಠ ಶುರುವಾಗುವ ಮೊದಲು ಅವಳು ಗೋಡೆ ಬಡಿಯಬೇಕು. ಅವನು ತನ್ನ ದೊಡ್ಡ ಫೈಲುಗಳನ್ನು ಕಳಿಸುವುದು ನಿಲ್ಲಿಸಿ, ತಿರುಗಿ ಬಡಿಯಬೇಕು.

ಮುಂದಿನ ಪಾಠಕ್ಕೆ ಅಜ್ಜಿ ಮುನಿದ ಅಜ್ಜನನ್ನು ಹೇಗೋ ಪುಸಲಾಯಿಸಿ ಕೂರಿಸಿದ್ದರು. ಅವಳು ಗೋಡೆ ಬಡಿದಳು. ಆ ಕಡೆಯಿಂದ ಮೆಲ್ಲನೆ ಉತ್ತರ ಬಂತು. ಅಜ್ಜ ಬಹಳ ಹೊತ್ತು ತುಟಿ ತಿರುಚಿದರು. ಅವಳು ಕಾದಳು. ಈ ಸಲ ಚಿತ್ರ ಕಲ್ಲಾಗಲಿಲ್ಲ.

"ಲೇ... ಕಾ... ಫಿ."

"ಇಷ್ಟು ತಿಂಗಳು ಕಾದಿದ್ದಕ್ಕೆ ಕಾಫಿನಾ?" ಎಂದು ಅಜ್ಜಿ ಗದರುತ್ತಲೇ ಅತ್ತರು. ಅತ್ತು, ಕಾಫಿ ಮಾಡಲು ಎದ್ದರು.

ಗೋಡೆ ಬಡಿಯುವುದು ದಿನಚರಿಯಾಯಿತು. ಬಡಿಯುವ ಮೊದಲು ತಾನು ಕೂದಲು ಸರಿಮಾಡಿಕೊಳ್ಳುತ್ತಿದ್ದೇನೆ ಎನ್ನುವುದು ಅವಳಿಗೆ ತಡವಾಗಿ ಹೊಳೆಯಿತು. ಗೋಡೆಗೇನು ಕಣ್ಣಿತ್ತೇ?

ಸಂಜೆ ಇಬ್ಬರೂ ಅವರವರ ಬಾಲ್ಕನಿಯಲ್ಲಿ. ನಡುವೆ ಒಂದು ಮೊಳ ಗಾಳಿ.

"ಇವತ್ತು ಏನಾಗಿದ್ರಿ?"

"ಕರಡಿ," ಎನ್ನುತ್ತಿತ್ತು ಕರಡಿ. "ಜೇನು ಸಿಗದೆ ನೊಂದಿದ್ದೇನೆ."

ಅವಳು ನಗುತ್ತಿದ್ದಳು. ಆದರೆ ದನಿ ಕೇಳುವುದೇ ಕಸುಬಾದ ಕಿವಿಗೆ ಒಂದು ಕೊರತೆ ಕಾಡುತ್ತಿತ್ತು. ಮುದುಕ ಮಾತಾಡಿದ, ಸೊಸೆ ಮಾತಾಡಿದಳು, ಕರಡಿ ಮಾತಾಡಿತು. ಅವನು ಮಾತ್ರ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಏನೋ ಹೇಳಲು ಹೊರಟವನ ಗಲ್ಲ ಒಂದು ಕ್ಷಣ ಬಿಗಿಯುತ್ತಿತ್ತು. ಕೂಡಲೇ ಯಾರೋ ಒಬ್ಬರು ಎದ್ದು ಬಂದು ಅವನ ಪರವಾಗಿ ಮಾತಾಡಿಬಿಡುತ್ತಿದ್ದರು. ಆ ಬಿಗಿತವನ್ನು ಅವಳು ದಿನವೂ ಲ್ಯಾಪ್‌ಟಾಪಿನಲ್ಲಿ ನೋಡುವವಳು. ಬೇರೆಯವರ ದನಿ ತೊಟ್ಟಾಗ ನಾಲಗೆ ಎಡವದಿರುವುದೂ ಅವಳಿಗೆ ಗೊತ್ತಿದ್ದದ್ದೇ. ಕೇಳಬೇಕೆಂದು ತುಟಿವರೆಗೆ ಬಂದದ್ದನ್ನು ನುಂಗಿಕೊಂಡಳು. ಬಾಗಿಲು ಒಳಗಿನಿಂದ ತೆರೆಯಬೇಕು. ಆದರೂ ರಾತ್ರಿ ದಿಂಬಿಗೆ ತಲೆಯಿಟ್ಟಾಗ, ಆ ದನಿ ಹೇಗಿರಬಹುದು ಎಂದು ಊಹಿಸಿ ಊಹಿಸಿ ನಿದ್ದೆ ಕೆಡಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ಪಾಠಕ್ಕೆ ಮುಂಚೆ, ಎಲ್ಲ ಸರಿಯಿದೆಯೇ ನೋಡೋಣವೆಂದು ತನ್ನ ಫೋನಿನಲ್ಲೂ ಆ ಗುಡ್ಡಗಳ ಆ್ಯಪ್ ಹಾಕಿದಳು. ಒಂದರಲ್ಲಿ ಜಾತ್ರೆ, ಹನ್ನೊಂದರಲ್ಲಿ ಜಾತ್ರೆ. ಆರರಲ್ಲಿ ಒಂದೇ ಒಂದು ಗುಡ್ಡ. ಅವಳದು.

ಗೋಡೆ ಬಡಿದಳು. ಎಂದಿನಂತೆ ಮೆಲ್ಲನೆ ಉತ್ತರ ಬಂತು.

ಪಾಠ ಮುಗಿಸಿ ನೇರ ಹೋಗಿ ಬೆಲ್ ಒತ್ತಿದಳು. "ಆರರಲ್ಲಿ ನಾನೊಬ್ಬಳೇ ಇದ್ದೀನಿ. ಇಷ್ಟು ದಿನ ಸರದಿ ಹಂಚ್ಕೊಂಡಿದ್ದು ಯಾರ ಜೊತೆ?"

ಕೆಮ್ಮುವ ಮುದುಕ ಒಮ್ಮೆ ಕೆಮ್ಮಿದ. "ನನ್ನ ರೌಟರಿನಲ್ಲಿ ಐದು ಗಿಗಾಹರ್ಟ್ಸ್ ಅಂತ ಇನ್ನೊಂದು ದಾರಿ ಇದೆಯಮ್ಮ. ಗೋಡೆ ದಾಟೋಕೆ ಅದಕ್ಕೆ ತ್ರಾಣ ಸಾಲದು, ಆದ್ರೆ ಖಾಲಿ ರಸ್ತೆ. ನೀನು ಬಂದು ಜಗಳ ಆಡಿದ್ದೆಯಲ್ಲ, ಆ ಸಂಜೇನೇ ಆರನ್ನ ಬಂದ್ ಮಾಡಿ ಅಲ್ಲಿಗೆ ಹೋದೆ. ಅಜ್ಜನ ಮಾತು ತುಂಡಾಗಬಾರದಲ್ಲ."

"ಹಾಗಾದ್ರೆ ಗೋಡೆ ಬಡಿಯೋದು ಯಾಕೆ ಬೇಕಿತ್ತು?"

ಈಗ ಕರಡಿ ಗಂಟಲು ಸರಿಮಾಡಿಕೊಂಡಿತು.

"ಕರಡಿ ಬೇಡ," ಎಂದಳು ಅವಳು, ಮೆತ್ತಗೆ. "ತಾತನೂ ಬೇಡ. ನೀವು ಹೇಳಿ. ನನಗೇನೂ ಅವಸರ ಇಲ್ಲ."

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಗಲ್ಲ ಬಿಗಿಯಿತು.

"ಬ... ಬ... ಬಡಿದ್ರೆ..."

ಮುಂದಿನ ಪದ ಅವಳ ನಾಲಗೆಯ ತುದಿಗೂ ಬಂದಿತ್ತು. ಇನ್ನೊಬ್ಬರ ಮಾತನ್ನು ನಾವು ಮುಗಿಸಬಾರದು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ಅದು ಇಷ್ಟು ಕಷ್ಟವೆಂದು ಅವತ್ತೇ ತಿಳಿದದ್ದು. ಅವಳು ಅವನ ಕಣ್ಣು ಬಿಡದೆ ನೋಡುತ್ತ ಕಾದಳು.

"...ನೀ... ನೀವು ಅಲ್ಲಿದ್ದೀರಿ ಅಂತ ಗೊ... ಗೊತ್ತಾಗುತ್ತೆ. ಅದು ನಿ... ನಿಲ್ಲೋದು ಬೇಡ ಅನ್ಸ್ತು. ನಂ... ನಂಗೆ ನೀವು ಇ... ಇ... ಇಷ್ಟ."

ಹಣೆಯಲ್ಲಿ ಬೆವರು, ಕಂಬಳಿಯಿಲ್ಲದೆಯೇ. ದನಿ ಅವಳು ಊಹಿಸಿದ್ದಕ್ಕಿಂತ ತುಸು ದಪ್ಪ, ಅಂಚಿನಲ್ಲಿ ಸ್ವಲ್ಪ ಒರಟು, ಹೊಸ ಟವೆಲ್ಲಿನಂತೆ.

"ಮುಗೀತಾ?"

"ಮು... ಮುಗೀತು."

"ಹಾಗಾದ್ರೆ ಈಗ ನನ್ನ ಸರದಿ. ನನಗೂ ನೀವು ಇಷ್ಟ. ಕರಡೀನೂ ಇಷ್ಟವೇ. ಆದ್ರೆ ಅದು ನೀವಾದ ಮೇಲೆ."

ಅವನು ನಕ್ಕ. ಆ ನಗುವನ್ನೂ ಅವಳು ಮೊದಲ ಸಲ ಕೇಳಿದ್ದು.

ಅವಳು ಮನೆಗೆ ಬರುವಾಗ ದೊಡ್ಡಮ್ಮ ಗೋಡೆಗೆ ಆತುಕೊಂಡೇ ನಿಂತಿದ್ದಳು. ಡಬ್ಬಿಂಗ್ ಎಂದು ಎಷ್ಟು ಬಿಡಿಸಿ ಹೇಳಿದರೂ ಸೊಸೆಯ ಚಿಂತೆ ಬಿಡದವಳು.

"ಆ ಮನೆಗೆ ಯಾರೋ ಹೊಸಬರು ಬಂದಿದ್ದಾರಲ್ಲೇ! ತಡೆದು ತಡೆದು ಮಾತಾಡ್ತಾರೆ. ಆದ್ರೂ ದನಿ ಎಷ್ಟು ಹಿತವಾಗಿದೆ. ಯಾರೇ ಅದು?"

"ಹೊಸಬರಲ್ಲ ದೊಡ್ಡಮ್ಮ," ಎಂದಳು ಅವಳು, ಗೋಡೆಯ ಮೇಲೆ ಅಂಗೈಯಿಟ್ಟು. "ಮೊದಲಿಂದ ಇದ್ದವರೇ. ಇವತ್ತು ಅವರ ಸರದಿ ಬಂತು."